ನಾನೇ ಜೋಡಿಸಿದ ಪಿಸಿ: ಐದು ವರ್ಷ ಆದ್ಮೇಲೆ ಹೇಳ್ಬೇಕಾಗಿರೋದು

2020ರ ಜನವರೀಲಿ ತುಮಕೂರಿಂದ ಬಸ್ ಹತ್ತಿ ಬೆಂಗಳೂರು ಎಸ್‌ಪಿ ರೋಡಿಗೆ (ಕಂಪ್ಯೂಟರ್ ಅಂಗಡಿಗಳ ಬೀದಿ) ಹೋಗಿ ಪಾರ್ಟ್ಸ್ ತಂದು ಮನೇಲಿ ನಾನೇ ಜೋಡಿಸಿದ್ದು ಇದು. ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡು, 8 ಜಿಬಿದು ಎರಡು ಡಿಡಿಆರ್4 ರ‍್ಯಾಮ್. ಆವಾಗ ಹಳೇ ಸ್ಟಾಕ್ ಬಿ450 ಬೋರ್ಡಲ್ಲಿ ಬಯಾಸ್ (ಪಿಸಿ ಆನ್ ಆಗುವಾಗ ಮೊದ್ಲು ಓಡೋ, ಬೋರ್ಡಲ್ಲೇ ಇರೋ ಸಾಫ್ಟ್‌ವೇರ್) ಅಪ್‌ಡೇಟ್ ಆಗ್ದೆ ಈ ಪ್ರೊಸೆಸರ್ ಆನ್ ಆಗ್ತಾನೇ ಇರ್ಲಿಲ್ಲ, ಅದಕ್ಕೆ ಬಾಕ್ಸ್ ಮೇಲೆ ರೈಜನ್ 3000 ರೆಡಿ ಅಂತ ಸ್ಟಿಕ್ಕರ್ ಇರೋದನ್ನೇ ಕೇಳಿ ತಗೊಂಡಿದ್ದೆ. ಮದುವೆ ವಿಡಿಯೋ ಎಡಿಟಿಂಗ್ ನನ್ನ ಕೆಲ್ಸ, ದಿನಾ ಏಳೆಂಟು ಗಂಟೆ ಓಡುತ್ತೆ, ಆ ಪ್ರೊಸೆಸರ್ ಇದ್ದಷ್ಟು ದಿನ ಒಂದು ತೊಂದ್ರೆನೂ ಕೊಟ್ಟಿಲ್ಲ.

ತೊಂದ್ರೆ ಕೊಟ್ಟಿದ್ದು ರ‍್ಯಾಮು. ಮೂರನೇ ವರ್ಷ ರೆಂಡರ್ (ಎಡಿಟ್ ಮಾಡಿದ್ದನ್ನ ಫೈನಲ್ ವಿಡಿಯೋ ಮಾಡೋದು) ಮಧ್ಯದಲ್ಲಿ ನೀಲಿ ಸ್ಕ್ರೀನ್ ಬರೋಕೆ ಶುರುವಾಯ್ತು, ನಾನು ವಿಂಡೋಸ್ ಪ್ರಾಬ್ಲಮ್ ಅಂದ್ಕೊಂಡು ಎರಡು ಸಲ ಫಾರ್ಮ್ಯಾಟ್ ಮಾಡ್ದೆ, ಗ್ರಾಫಿಕ್ಸ್ ಡ್ರೈವರ್ ಬದಲಾಯಿಸ್ದೆ, ಮೂರು ವಾರ ಹಂಗೇ ಹೋಯ್ತು, ಅತ್ಲಾಗೆ ಮದುವೆ ಮನೆಯವ್ರ ಫೋನು ನಿಲ್ತಿಲ್ಲ. ಕೊನೆಗೆ ಪೆನ್‌ಡ್ರೈವಲ್ಲಿ ಮೆಮ್‌ಟೆಸ್ಟ್86 ಅನ್ನೋ ಮೆಮೊರಿ ಚೆಕ್ ಮಾಡೋ ಸಾಫ್ಟ್‌ವೇರ್ ಹಾಕಿ ರಾತ್ರಿ ಬಿಟ್ಟು ಮಲ್ಗಿದೆ. ಬೆಳಿಗ್ಗೆ ನೋಡಿದ್ರೆ ಸ್ಕ್ರೀನ್ ತುಂಬ ಕೆಂಪು ಸಾಲು. ಎರಡೂ ಸ್ಟಿಕ್ ಬಿಚ್ಚಿ ಒಂದೊಂದನ್ನೇ ಅದೇ ಸ್ಲಾಟಿಗೆ ಹಾಕಿ ನೋಡ್ದೆ, ಒಂದು ಕ್ಲೀನು, ಇನ್ನೊಂದು ಹತ್ತೇ ನಿಮಿಷಕ್ಕೆ ಎರರ್. ಎಕ್ಸ್‌ಎಂಪಿ (ಮೆಮೊರೀನ ಮಾಮೂಲಿಗಿಂತ ಜಾಸ್ತಿ ಸ್ಪೀಡಲ್ಲಿ ಓಡ್ಸೋ ಸೆಟ್ಟಿಂಗು) ಆಫ್ ಮಾಡಿದ್ರೂ ಅಷ್ಟೇ.

ವಾರಂಟೀಲಿ ಬದಲಾಯಿಸೋಕೆ ಅಂತ ಬೆಂಗಳೂರಿನ ಸರ್ವಿಸ್ ಸೆಂಟರಿಗೆ ಹೋದ್ರೆ ಕೌಂಟರಲ್ಲಿದ್ದ ಹುಡ್ಗ ತನ್ನ ಸಿಸ್ಟಮ್ಮಿಗೆ ಹಾಕಿ "ಬೂಟ್ ಆಗ್ತಿದೆಯಲ್ಲ ಸಾರ್, ಪಾರ್ಟ್ ಚೆನ್ನಾಗಿದೆ" ಅಂದ. ನನಗೆ ಸಿಟ್ಟು ಬಂದಿದ್ದೇ ಇಲ್ಲಿ. ವಿಂಡೋಸ್ ಓಪನ್ ಆದ್ರೆ ರ‍್ಯಾಮ್ ಸರಿ ಇದೆ ಅಂತಲ್ಲ, ಕೆಟ್ಟಿರೋ ಜಾಗಕ್ಕೆ ಡೇಟಾ ಹೋಗಿ ಕೂತಾಗಲೇ ಅದು ಗೊತ್ತಾಗೋದು. ಮೆಮ್‌ಟೆಸ್ಟ್ ಫೋಟೋ ತೋರ್ಸಿ, ಎಕ್ಸ್‌ಎಂಪಿ ಆಫ್ ಇದ್ದಾಗಲೂ ಎರರ್ ಬಂದಿರೋದನ್ನ ತೋರ್ಸಿದ್ಮೇಲೆ ತಗೊಂಡ್ರು, ಜೋಡಿ ಕಿಟ್ ಅಂತ ಎರಡೂ ಸ್ಟಿಕ್ ಇಟ್ಕೊಂಡ್ರು. ಹದಿನೆಂಟು ದಿನ ಗೆಳೆಯನ ಹತ್ರ ಸಾಲ ತಂದ 8 ಜಿಬೀಲಿ ಎಡಿಟಿಂಗು.

ಬದಲಿ ಬಂದಿದ್ದೂ ಕೆಟ್ಟಿತ್ತು! ಅವತ್ತು ರಾತ್ರೀನೇ ಟೆಸ್ಟಿಗೆ ಬಿಟ್ಟಿದ್ದೆ, ಮೂರನೇ ಪಾಸಲ್ಲಿ (ಪೂರ್ತಿ ಟೆಸ್ಟಿನ ಒಂದು ಸುತ್ತಿಗೆ ಪಾಸ್ ಅಂತಾರೆ) ಎರರ್. ಒಂದೇ ಪಾಸಿಗೆ ನಿಲ್ಲಿಸಿದ್ರೆ ಗೊತ್ತೇ ಆಗ್ತಿರ್ಲಿಲ್ಲ, ಫ್ರೀ ವರ್ಷನಲ್ಲಿ ನಾಲ್ಕು ಪಾಸ್ ಇದೆ, ನಾಲ್ಕೂ ಮುಗಿಯೋವರೆಗೆ ಬಿಡಿ. ಮತ್ತೆ ಬೆಂಗಳೂರು, ಮತ್ತೆ ಕೌಂಟರು. ಈ ಸಲ ಕೊಡೋ ಮುಂಚೆ ಸ್ಟಿಕ್ಕರ್ ಮೇಲಿನ ಸೀರಿಯಲ್ ನಂಬರ್ ಕಾಣೋ ಹಂಗೆ ಎರಡೂ ಕಡೆ ಫೋಟೋ ಹೊಡ್ಕೊಂಡು, ಜಾಬ್ ಶೀಟಲ್ಲಿ ಅದೇ ನಂಬರ್ ಬರೆಸಿ, "ಎರರ್ ಬರ್ತಿದೆ" ಅಂತ ಅವ್ರ ಕೈಯಲ್ಲೇ ಬರೆಸ್ಕೊಂಡೆ. ಮೂರನೇ ಜೋಡಿ ಹನ್ನೊಂದು ದಿನಕ್ಕೆ ಬಂತು, ನಾಲ್ಕು ಪಾಸೂ ಕ್ಲೀನು, ಇವತ್ತಿಗೂ ಒಂದು ಕ್ರ್ಯಾಶ್ ಇಲ್ಲ.

ಪಿಸಿಗೆ ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಆ ಸರ್ವಿಸಿಗೆ ಒಂದೂವರೆ. ಹೋದ ವರ್ಷ ಅದೇ ಬೋರ್ಡಿಗೆ ಬಯಾಸ್ ಅಪ್‌ಡೇಟ್ ಮಾಡಿ ರೈಜನ್ 5 5600 ಹಾಕಿದೀನಿ, ಆರಾಮಾಗಿ ಓಡ್ತಿದೆ. ಇನ್ನೊಂದು, ಅಂಗಡಿ ಬಿಲ್ಲು ಥರ್ಮಲ್ ಪೇಪರಾದ್ರೆ ತಂದ ದಿನಾನೇ ಫೋಟೋ ತಗೊಳ್ಳಿ, ನಂದು ಮೂರು ವರ್ಷಕ್ಕೆ ಪೂರ್ತಿ ಬೆಳ್ಳಗಾಗಿತ್ತು, ಅಂಗಡಿಯವ್ರು ಕಂಪ್ಯೂಟರಲ್ಲಿ ಹುಡುಕಿ ಇನ್ನೊಂದು ಪ್ರಿಂಟ್ ಕೊಟ್ಟಿದ್ದಕ್ಕೆ ವಾರಂಟಿ ಸಿಕ್ತು.