ಕಸ ಗುಡಿಸುವ ರೋಬೋ: ಹೊಸ್ತಿಲಿರುವ ಮನೆಯವರಿಗೆ ಒಂದು ವಿಮರ್ಶೆ

ಅಮ್ಮನಿಗೆ ಮಂಡಿನೋವು. ಬಗ್ಗಿ ಗುಡಿಸಲು ಆಗುವುದಿಲ್ಲ, ಗುಡಿಸದೆ ಬಿಡಲು ಮನಸ್ಸು ಒಪ್ಪುವುದಿಲ್ಲ. ಅದಕ್ಕೇ ಹೋದ ದಸರಾ ಹೊತ್ತಿಗೆ 26 ಸಾವಿರ ಕೊಟ್ಟು ರೋಬೋ ವ್ಯಾಕ್ಯೂಮ್ ತಂದೆ. ಮೈಸೂರಿನ ಹಳೇ ಮನೆ ನಮ್ಮದು. ರೆಡ್ ಆಕ್ಸೈಡ್ ನೆಲ, ಕೋಣೆ ಕೋಣೆಗೂ ಹೊಸ್ತಿಲು. ನಾನು ಓದಿದ ವಿಮರ್ಶೆಗಳೆಲ್ಲ ಅಪಾರ್ಟ್‌ಮೆಂಟಿನವರು ಬರೆದದ್ದು.

ಮೊದಲು ಮೆಚ್ಚಿದ್ದನ್ನು ಹೇಳುತ್ತೇನೆ. ಇದರ ತಲೆಯ ಮೇಲೆ ಒಂದು ಪುಟ್ಟ ಗೋಪುರವಿದೆ. ಅದರೊಳಗೆ ಲೇಸರ್ ಸುತ್ತುತ್ತಿರುತ್ತದೆ. ಗೋಡೆಗೆ ತಾಗಿ ಹಿಂದಿರುಗಿದ ಬೆಳಕಿನಿಂದ ದೂರ ಲೆಕ್ಕ ಹಾಕಿ ನಕ್ಷೆ ಬರೆದುಕೊಳ್ಳುತ್ತದೆ. ಮೊದಲ ಸಲ ಬಿಟ್ಟಾಗ ನಮ್ಮ ಹಾಲ್ ಫೋನಿನಲ್ಲಿ ಗೆರೆ ಗೆರೆಯಾಗಿ ಮೂಡಿತು. ನಡುವಿನ ಮರದ ಕಂಬವೂ ಚುಕ್ಕೆಯಾಗಿ ಬಂತು! ಬೆಳಕು ತನ್ನದೇ ಆದ್ದರಿಂದ ಮಂಚದ ಕೆಳಗಿನ ಕತ್ತಲಲ್ಲೂ ದಾರಿ ತಪ್ಪುವುದಿಲ್ಲ. ಅಲ್ಲಿ ಪೊರಕೆ ಎಂದೂ ಸರಿಯಾಗಿ ಹೋಗುತ್ತಿರಲಿಲ್ಲ.

ಇದರ ಬೆಲೆ ಗೊತ್ತಾಗಬೇಕಾದರೆ 1959ರ ಮಾಸ್ಕೋ ನೆನಪಿಸಿಕೊಳ್ಳಬೇಕು. ಸೊಕೊಲ್ನಿಕಿ ಪಾರ್ಕಿನಲ್ಲಿ ಅಮೆರಿಕದವರು ದೊಡ್ಡ ಪ್ರದರ್ಶನ ಇಟ್ಟಿದ್ದರು. ಅಮೆರಿಕದ ಉಪಾಧ್ಯಕ್ಷ ನಿಕ್ಸನ್ ಮತ್ತು ಸೋವಿಯತ್ ನಾಯಕ ಕ್ರುಶ್ಚೇವ್ ಅಡುಗೆಮನೆಯ ಮುಂದೆ ನಿಂತು ವಾದಿಸಿದ್ದು ಅಲ್ಲೇ. ವರ್ಲ್‌ಪೂಲ್ ಕಂಪನಿ ಅಲ್ಲಿ ಭವಿಷ್ಯದ ಅಡುಗೆಮನೆ ತೋರಿಸಿತ್ತು. ಅದರಲ್ಲಿ ನೆಲ ಶುಚಿ ಮಾಡುವ ಯಂತ್ರ ತಾನಾಗಿಯೇ ಓಡಾಡುತ್ತಿತ್ತು. ನೋಡುವವರಿಗೆ ಹಾಗೆ ಕಾಣುತ್ತಿತ್ತು, ಅಷ್ಟೇ. ಕನ್ನಡಿಯ ಹಿಂದೆ ಒಬ್ಬರು ಕೂತು ರೇಡಿಯೋದಿಂದ ಅದನ್ನು ನಡೆಸುತ್ತಿದ್ದರಂತೆ. ಆ ತಂಡದಲ್ಲಿದ್ದ ವಿನ್ಯಾಸಕಾರರೇ ಎಷ್ಟೋ ವರ್ಷಗಳ ಮೇಲೆ ಇದನ್ನು ಹೇಳಿದರು. ಅದಕ್ಕೂ ಮುಂಚೆ, 1900ರ ಆಸುಪಾಸಿನಲ್ಲಿ, ಫ್ರಾನ್ಸಿನ ಚಿತ್ರಕಾರರು 2000ನೇ ಇಸವಿಯನ್ನು ಊಹಿಸಿ ಕಾರ್ಡುಗಳನ್ನು ಬರೆದಿದ್ದರು. ಒಂದರಲ್ಲಿ ಬ್ರಷ್ಷು, ಪೊರಕೆ ಕಟ್ಟಿದ ವಿದ್ಯುತ್ ಯಂತ್ರ ನೆಲ ಉಜ್ಜುತ್ತಿದೆ. ಪಕ್ಕದಲ್ಲೇ ಕೆಲಸದಾಕೆ ಕೋಲು ಹಿಡಿದು ಅದನ್ನು ನಡೆಸುತ್ತಿದ್ದಾಳೆ.

ಈಗ ಕನ್ನಡಿಯ ಹಿಂದೆ ಯಾರೂ ಇಲ್ಲ. 2002ರಲ್ಲಿ ಬಂದ ಮೊದಲ ರೂಂಬಾ ಎಂಬ ಕಸ ಗುಡಿಸುವ ರೋಬೋಗೂ ನಕ್ಷೆ ಗೊತ್ತಿರಲಿಲ್ಲ. ಗುದ್ದಿ, ತಿರುಗಿ, ಮತ್ತೆ ಗುದ್ದಿ ಹೋಗುತ್ತಿತ್ತು. ಅಮ್ಮ ಸೋಫಾದಲ್ಲಿ ಕಾಲು ಮೇಲೆತ್ತಿ ಕೂತಿರುತ್ತಾರೆ, ಯಂತ್ರ ಸುತ್ತ ಗುಡಿಸಿಕೊಂಡು ಹೋಗುತ್ತದೆ. ಈ ಒಂದು ವಿಷಯದಲ್ಲಿ ನಾವು ಆ ಕನಸನ್ನು ದಾಟಿ ಬಂದಿದ್ದೇವೆ, ನನಗೆ ಸಂಶಯವೇ ಇಲ್ಲ.

ಆದರೆ ಆ ಪ್ರದರ್ಶನದ ಅಡುಗೆಮನೆಯನ್ನು ಯಂತ್ರಕ್ಕೆ ಒಗ್ಗುವಂತೆಯೇ ಕಟ್ಟಿದ್ದರು, ಅಲ್ವಾ? ನಮ್ಮ ಮನೆ ಹಾಗಲ್ಲ. ಈ ರೋಬೋ 2 ಸೆಂಟಿಮೀಟರ್ ಎತ್ತರ ಹತ್ತಬಲ್ಲದು. ನಮ್ಮ ಹೊಸ್ತಿಲುಗಳು ಅದಕ್ಕಿಂತ ಜಾಸ್ತಿ. ಪ್ರತಿ ಕೋಣೆಗೂ ನಾನೇ ಎತ್ತಿ ಇಡಬೇಕು. ಅಮ್ಮನ ಕೈಲಿ ಆಗುವುದಿಲ್ಲ. ಯಾರಿಗಾಗಿ ತಂದೆನೋ ಅವರೊಬ್ಬರೇ ಇದ್ದಾಗ ಹಾಲ್ ಮಾತ್ರ ಶುಚಿಯಾಗುತ್ತದೆ. ಇಡೀ ಮನೆ ತಾನೇ ನೋಡಿಕೊಳ್ಳುತ್ತದೆ ಎಂದು ಡಬ್ಬಿಯ ಮೇಲೆ ಬರೆದವರು ಇದನ್ನೂ ಅಲ್ಲೇ ಬರೆಯಬೇಕಿತ್ತು. ನನಗೆ ಇದು ನಿಜಕ್ಕೂ ಬೇಸರ ತಂದ ಸಂಗತಿ.

ಒರೆಸುವ ಕೆಲಸ ಸುಮಾರು. ಒದ್ದೆ ಬಟ್ಟೆ ಎಳೆದುಕೊಂಡು ಹೋಗುತ್ತದೆ, ಧೂಳು ಹೋಗುತ್ತದೆ. ಒಲೆಯ ಹತ್ತಿರ ಸಿಡಿದ ಒಗ್ಗರಣೆ ಎಣ್ಣೆ ಹೋಗುವುದಿಲ್ಲ. ಫಿನೈಲ್ ಹಾಕಬಾರದು ಎಂದು ಪುಸ್ತಕದಲ್ಲೇ ಇದೆ. ದೇವರ ಮನೆಯ ಮುಂದಿನ ರಂಗೋಲಿಯನ್ನು ಅಳಿಸಿಬಿಡುತ್ತದೆ. ಆ ಜಾಗವನ್ನು ಆ್ಯಪಿನಲ್ಲಿ ಗುರುತು ಹಾಕಿ ಅಲ್ಲಿಗೆ ಹೋಗದಂತೆ ಮಾಡಿದೆ, ಆಮೇಲೆ ತೊಂದರೆಯಿಲ್ಲ. ಉದ್ದ ಕೂದಲು ರೋಲರಿಗೆ ಸುತ್ತಿಕೊಳ್ಳುತ್ತದೆ, ವಾರಕ್ಕೊಮ್ಮೆ ಕತ್ತರಿ ಹಿಡಿಯಲೇಬೇಕು. ಸೈಡ್ ಬ್ರಷ್ ಸವೆದಾಗ ಮಾರಿದವರು ಬಹಳ ಕಾಯಿಸಿದರು.

ಅಪಾರ್ಟ್‌ಮೆಂಟಿನ ಸಮತಟ್ಟು ನೆಲದವರು ಧೈರ್ಯವಾಗಿ ತೆಗೆದುಕೊಳ್ಳಿ. ನಮ್ಮಂಥ ಮನೆಯವರು ಅಂಗಡಿಗೆ ಹೋಗುವ ಮುಂಚೆ ಸ್ಕೇಲು ಹಿಡಿದು ಹೊಸ್ತಿಲು ಅಳೆಯಿರಿ. ಮಂಚ, ಬೀರುಗಳ ಕೆಳಗಿನ ಎತ್ತರವನ್ನೂ ನೋಡಿ. 10 ಸೆಂಟಿಮೀಟರ್ ಆದರೂ ಬೇಕು. ಬ್ರಷ್ಷು, ಬಟ್ಟೆ ಬಿಡಿಯಾಗಿ ಸಿಗುತ್ತವೆಯೇ ಎಂದು ದುಡ್ಡು ಕೊಡುವ ಮೊದಲೇ ಕೇಳಿ. ನಾನು ಐದಕ್ಕೆ ಮೂರೂವರೆ ಕೊಡುತ್ತೇನೆ. ಮೂರು, ಮಂಚದ ಕೆಳಗಿನ ಆ ಕೆಲಸಕ್ಕೇ.