ಹಳೆಯ ಫೋಕ್ಸ್‌ವ್ಯಾಗನ್ ಬೇ ವ್ಯಾನಿಗೆ ಪ್ರೊಪೆಕ್ಸ್ ಎಚ್‌ಎಸ್2000 ಹೀಟರ್: ಕೊಳ್ಳುವ ಮುಂಚೆ ತಗಡು ನೋಡಿ

ಜರ್ಮನಿಯಲ್ಲಿ 1967ರಿಂದ 1979ರವರೆಗೆ ತಯಾರಾದ ಫೋಕ್ಸ್‌ವ್ಯಾಗನ್ ಟಿ2, ಅಂದರೆ ಮುಂದೆ ಅಗಲವಾದ ಬಾಗಿದ ಗಾಜಿರುವ 'ಬೇ' ವ್ಯಾನು, ಬ್ರಿಟನ್ನಿನ ರಸ್ತೆಗಳಲ್ಲಿ ಇವತ್ತಿಗೂ ಕಾಣುತ್ತದೆ. ಅದನ್ನು ಕೊಂಡು ದುರಸ್ತಿ ಮಾಡಿಸಿ ಚಳಿಗಾಲದಲ್ಲೂ ಮಲಗಬೇಕು ಅನ್ನುವವರಿಗೆ ಯಾವ ಹೀಟರ್ ಸರಿ? ಉತ್ತರ ಮೊದಲೇ ಹೇಳಿಬಿಡುತ್ತೇವೆ: ಪೆಟ್ರೋಲ್ ಎಂಜಿನ್ನಿನ ಈ ವ್ಯಾನಿಗೆ ಪ್ರೊಪೇನ್ ಗ್ಯಾಸಿನಲ್ಲಿ ನಡೆಯುವ ಪ್ರೊಪೆಕ್ಸ್ ಎಚ್‌ಎಸ್2000 ಒಳ್ಳೆಯ ಆಯ್ಕೆ. ಆದರೆ ಅದರ ಜಾಗ ನಿರ್ಧಾರವಾಗಬೇಕಾದ್ದು ನೆಲದ ತಗಡು ಬರಿದಾಗಿರುವಾಗ, ಬಣ್ಣಕ್ಕೂ ಮುಂಚೆ. ಪೀಠೋಪಕರಣ ಕೂರಿಸಿದ ಮೇಲೆ ಹೀಟರಿಗೆ ಮೂಲೆ ಹುಡುಕಿದರೆ ಹೊಸ ನೆಲಕ್ಕೆ ರಂಧ್ರ ಕೊರೆಯಬೇಕಾಗುತ್ತದೆ, ಆ ರಂಧ್ರದ ಅಂಚಿನಿಂದಲೇ ಮತ್ತೆ ತುಕ್ಕು ಶುರುವಾಗುತ್ತದೆ.

ಆದ್ದರಿಂದ ಮೊದಲು ತಗಡಿನ ಮಾತು. ಈ ವ್ಯಾನುಗಳ ವಿಷಯದಲ್ಲಿ 'ಒಳಗೆ ಹುಳುಕು ಮೇಲೆ ಥಳಕು' ಅನ್ನುವುದು ಅಕ್ಷರಶಃ ನಿಜ. ಒಂದು ಸಣ್ಣ ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಚಕ್ರದ ಕಮಾನು, ಬಾಗಿಲ ಕೆಳಗಿನ ಪಟ್ಟಿ, ಹಿಂದಿನ ಮೂಲೆಗಳ ಮೇಲೆ ಆಡಿಸಿ. ಹಿಡಿತ ಸಡಿಲವಾದ ಕಡೆ ಒಳಗಿರುವುದು ಪುಟ್ಟಿ. ಬಾಗಿಲ ಕೆಳಗಿನ ಸಿಲ್ ಒಂದೇ ತಗಡಲ್ಲ: ಹೊರಗಿನದು, ನಡುವಿನದು, ಒಳಗಿನದು ಎಂದು ಮೂರು ಪದರ. ಹೊರಗಿನ ಪಟ್ಟಿ ಹೊಳೆಯುತ್ತಿದ್ದರೂ ಉಳಿಯಿಂದ ಒಂದು ಅಂಗುಲ ಬಿಡಿಸಿದರೆ ನಡುವಿನ ಪದರ ಒಣಗಿದ ಈರುಳ್ಳಿ ಸಿಪ್ಪೆಯ ಹಾಗೆ ಕಂದು ಹಾಳೆ ಹಾಳೆಯಾಗಿ ಬೆರಳಿಗೆ ಬರುತ್ತದೆ. ವ್ಯಾನಿನ ಬಲವೆಲ್ಲ ಆ ನಡುವಿನ ಪದರದಲ್ಲಿದೆ. ಹೊರಗಿನದನ್ನಷ್ಟೇ ಬದಲಿಸಿ 'ಸಿಲ್ ಹೊಸದು' ಎಂದು ಮಾರುವ ವ್ಯಾನುಗಳಿಗೆ ಕೊರತೆಯಿಲ್ಲ, ಹಾಗಾಗಿ ವೆಲ್ಡಿಂಗಿನ ನಡುವೆ ತೆಗೆದ ಫೋಟೊಗಳಿಲ್ಲದಿದ್ದರೆ ಮಾತು ನಂಬಬೇಡಿ.

ನೋಡಲೇಬೇಕಾದ ಬೇರೆ ಜಾಗಗಳು: ಜಾಕ್ ಇಡುವ ತಾಣ, ಅದನ್ನು ಉದ್ದದ ತೊಲೆಗೆ ಸೇರಿಸುವ ಅಡ್ಡಪಟ್ಟಿ, ಎಂಜಿನ್ ಕೋಣೆಯಲ್ಲಿ ಬ್ಯಾಟರಿ ಕೂರುವ ತಟ್ಟೆ, ಚಾವಣಿಯ ನೀರುಗಾಲುವೆ, ಮುಂಗಾಜಿನ ಕೆಳ ಮೂಲೆಗಳು. ಗಾಜಿನ ಮೂಲೆಯನ್ನು ರಬ್ಬರ್ ಬಿಚ್ಚದೆ ನೋಡಲಾಗದು. ರಬ್ಬರಿನ ಹಿಂದೆ ನಿಂತ ನೀರು ಚೌಕಟ್ಟಿನ ತುಟಿಯನ್ನು ತಿಂದುಹಾಕಿ, ಅಲ್ಲಿಂದ ಮುಂದಿನ ನೆಲಕ್ಕೆ ಇಳಿದಿರುತ್ತದೆ.

ಸಿಲ್ ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟುಗಳಿಗೆ ಅಡ್ಡಡ್ಡ ಚೌಕ ಪೈಪು ತಾತ್ಕಾಲಿಕವಾಗಿ ಬೆಸೆಯಿರಿ. ಇದನ್ನು ಬಿಟ್ಟವರ ವ್ಯಾನಿನಲ್ಲಿ ಆಮೇಲೆ ಜಾರುಬಾಗಿಲು ಎಷ್ಟು ಒತ್ತಿದರೂ ಸರಿಯಾಗಿ ಕೂರದು. ಒಂದು ಬದಿ ಮುಗಿದ ಮೇಲೆ ಇನ್ನೊಂದು ಬದಿ, ಎರಡನ್ನೂ ಒಟ್ಟಿಗೆ ತೆರೆಯಬಾರದು. ಒಂದರ ಮೇಲೊಂದು ಕೂರುವ ಅಂಚುಗಳಿಗೆ ಬೆಸುಗೆಯ ಶಾಖ ತಾಳುವ ಸತುವಿನ ಪ್ರೈಮರ್ ಹಚ್ಚಿ, ಬಣ್ಣವಾದ ಮೇಲೆ ಟೊಳ್ಳುಗಳಿಗೆಲ್ಲ ಮೇಣ ಸಿಂಪಡಿಸಿ. ಮೇಣ ಹೋದ ಮೇಲೆ ವೆಲ್ಡಿಂಗ್ ಕಿಡಿ ಹಾರಿಸುವಂತಿಲ್ಲ, ಬೆಂಕಿ ಹೊತ್ತಿಕೊಳ್ಳುತ್ತದೆ. ಹೀಟರಿನ ಬ್ರಾಕೆಟ್ಟು, ಹೊಗೆ ಕೊಳವೆಯ ಕ್ಲಿಪ್ಪು, ನೆಲದ ರಂಧ್ರ ಎಲ್ಲವೂ ಪ್ರೈಮರಿಗೆ ಮುಂಚೆ ಮುಗಿದಿರಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಬಣ್ಣ ಒಣಗಿ ಗಾಜು ಕೂತ ಮೇಲೆ, ಒಳಗೆ ಹಲಗೆ ಹಾಕುವ ಮುಂಚೆ ತೋಟದ ಪೈಪಿನಿಂದ ನೀರು ಬಿಡಿ. ಕೆಳಗಿನಿಂದ ಮೇಲಕ್ಕೆ, ಒಂದೊಂದು ಕಿಟಕಿಗೆ ಹತ್ತು ನಿಮಿಷ. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲಿಂದ ನುಗ್ಗಿತು ಎಂಬುದು ಗೊತ್ತಾಗುವುದಿಲ್ಲ. ಸೋರುವ ವ್ಯಾನನ್ನು ಯಾವ ಹೀಟರೂ ಒಣಗಿಸಲಾರದು. ಶಾಖಕ್ಕೆ ಆವಿಯಾದ ನೀರು ರಾತ್ರಿ ತಣ್ಣನೆಯ ತಗಡಿಗೆ ಕೂತು ಮತ್ತೆ ಸಿಲ್ಲಿಗೇ ಇಳಿಯುತ್ತದೆ. ಗೋಡೆಗೆ ಗಾಜಿನ ಉಣ್ಣೆ ತುಂಬಬೇಡಿ, ಅದು ನೀರು ಹಿಡಿದಿಡುತ್ತದೆ. ನೀರು ಹೀರದ, ಮುಚ್ಚಿದ ಗುಳ್ಳೆಗಳ 10 ಮಿಲಿಮೀಟರ್ ಫೋಮ್ ತಗಡಿಗೆ ಅಂಟಿಸಿ, ತಳದ ನೀರಿಳಿಯುವ ರಂಧ್ರಗಳನ್ನು ಮಾತ್ರ ಮುಚ್ಚಬೇಡಿ.

ಈ ವ್ಯಾನಿಗೆ ತನ್ನದೇ ಬಿಸಿಗಾಳಿ ವ್ಯವಸ್ಥೆ ಇಲ್ಲವೇ ಎಂದರೆ, ಇದೆ. ಗಾಳಿಯಿಂದ ತಣಿಯುವ ಎಂಜಿನ್ನಿನ ಫ್ಯಾನು ಎಕ್ಸಾಸ್ಟ್ ಸುತ್ತಲಿನ ಹೀಟ್ ಎಕ್ಸ್‌ಚೇಂಜರುಗಳ (ಹೊಗೆಯ ಶಾಖವನ್ನು ಗಾಳಿಗೆ ದಾಟಿಸುವ ಕವಚಗಳ) ಮೂಲಕ ಗಾಳಿ ನೂಕುತ್ತದೆ, ಅದು ನೆಲದಡಿಯ ಉದ್ದನೆಯ ಕೊಳವೆಯಲ್ಲಿ ಹಾದು ಮುಂದಕ್ಕೆ ಬರುತ್ತದೆ. ಬರುವಷ್ಟರಲ್ಲಿ ಅರ್ಧ ಶಾಖ ರಸ್ತೆಗೆ ಹೋಗಿರುತ್ತದೆ, ಎಂಜಿನ್ ನಿಂತರೆ ಅದೂ ಇಲ್ಲ. ಆದರೂ ಅದನ್ನು ಕಿತ್ತುಹಾಕಬೇಡಿ, ಮುಂಗಾಜಿನ ಮಂಜು ತೆಗೆಯುವುದು ಅದೇ. ಕೊಳವೆಯ ಸುತ್ತಲಿನ ಶಾಖನಿರೋಧಕ ಹೊದಿಕೆ ಹೊಸದು ಹಾಕಿ, ಬಿಸಿಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆಗಳನ್ನು ಎಳೆಯುವ ಕೇಬಲ್ಲು ಸಲೀಸಾಗಿ ಆಡುವಂತೆ ಮಾಡಿ. ಎಕ್ಸ್‌ಚೇಂಜರ್ ತೂತಾಗಿದ್ದರೆ ಒಂದು ದಿನವೂ ಓಡಿಸಬೇಡಿ: ಎಂಜಿನ್ ಹೊಗೆಯ ಕಾರ್ಬನ್ ಮೊನಾಕ್ಸೈಡ್ ನೇರ ನಿಮ್ಮ ಮುಖಕ್ಕೆ ಬರುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಎಂಜಿನ್ ಇಳಿಸಿರುವಾಗಲೇ ಪೆಟ್ರೋಲ್ ರಬ್ಬರ್ ಕೊಳವೆಗಳನ್ನೂ ಬದಲಿಸಿ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲಿನಲ್ಲಿ 10 ಶೇಕಡಾವರೆಗೆ ಎಥನಾಲ್ ಇದೆ, ಹಳೆಯ ರಬ್ಬರನ್ನು ಅದು ಸೀಳಿಸುತ್ತದೆ. ಈ ವ್ಯಾನುಗಳಿಗೆ ಬೆಂಕಿ ಬೀಳುವ ದೊಡ್ಡ ಕಾರಣ ಬಿರುಕುಬಿಟ್ಟ ಆ ಕೊಳವೆಯೇ.

ನಿಂತ ವ್ಯಾನಿಗೆ ಎಷ್ಟು ಶಾಖ ಬೇಕು ಎಂಬ ಲೆಕ್ಕ ಸುಲಭ. ನಾಲ್ಕೂವರೆ ಮೀಟರ್ ಉದ್ದ, 1.72 ಮೀಟರ್ ಅಗಲದ ಡಬ್ಬಿಗೆ ಗೋಡೆ, ನೆಲ, ಚಾವಣಿ ಸೇರಿ ಸುಮಾರು 33 ಚದರ ಮೀಟರ್. ಬರಿ ತಗಡಾದರೆ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 5 ವಾಟ್ ಹಿಡಿಯಿರಿ. ಹೊರಗೆ ಸೊನ್ನೆ, ಒಳಗೆ 15 ಡಿಗ್ರಿ ಬೇಕೆಂದರೆ 2.5 ಕಿಲೋವಾಟ್ ಹತ್ತಿರ ಬರುತ್ತದೆ. ಫೋಮ್ ಅಂಟಿಸಿ, ಕಿಟಕಿಗಳಿಗೆ ಶಾಖತಡೆ ಪರದೆ ಹಾಕಿ, ಚಾಲಕನ ಆಸನದ ಹಿಂದೆ ದಪ್ಪ ಪರದೆ ಎಳೆದರೆ ಒಂದೂವರೆಗೆ ಇಳಿಯುತ್ತದೆ. ಎಚ್‌ಎಸ್2000 ಕೊಡುವುದು 1.9 ಕಿಲೋವಾಟ್, ಅಲ್ಲಿಗೆ ಸರಿಹೋಯಿತು. ಐದು ಕಿಲೋವಾಟಿನದು ಈ ಡಬ್ಬಿಗೆ ಅತಿಯಾಯಿತು. ಡೀಸೆಲ್ ಹೀಟರಿನ ವಿಷಯದಲ್ಲಂತೂ ಅದು ತೊಂದರೆಯೇ: ದೊಡ್ಡ ಹೀಟರ್ ಸದಾ ಕನಿಷ್ಠದಲ್ಲೇ ಉರಿಯುತ್ತ ಒಳಗೆ ಮಸಿ ಕಟ್ಟಿಕೊಳ್ಳುತ್ತದೆ.

ಪ್ರೊಪೆಕ್ಸ್ ಇಂಗ್ಲೆಂಡಿನ ಸೌತಾಂಪ್ಟನ್ ಕಂಪನಿ. ಈ ಹೀಟರಿನ ಉರಿಯುವ ಕೋಣೆ ವ್ಯಾನಿನ ಗಾಳಿಯಿಂದ ಪೂರ್ತಿ ಬೇರೆ: ಉರಿಯಲು ಬೇಕಾದ ಗಾಳಿ ನೆಲದಡಿಯಿಂದ ಬರುತ್ತದೆ, ಹೊಗೆ ನೆಲದಡಿಗೆ ಹೋಗುತ್ತದೆ. ಅಡುಗೆಯ ಒಲೆ ಹಚ್ಚಿಟ್ಟು ವ್ಯಾನು ಬಿಸಿ ಮಾಡುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದು. ಒಂದು ಕಿಲೋ ಪ್ರೊಪೇನ್ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರಾವಿ ಹುಟ್ಟುತ್ತದೆ. ಒಲೆಯಾದರೆ ಅಷ್ಟೂ ಗೋಡೆಗೆ, ಕಾರ್ಬನ್ ಮೊನಾಕ್ಸೈಡಿನ ಅಪಾಯ ಬೇರೆ. ಒಲೆಯನ್ನು ಹೀಟರಿನಂತೆ ಎಂದೂ ಬಳಸಬೇಡಿ.

ಗ್ಯಾಸಿನ ಖರ್ಚು ಗಂಟೆಗೆ 142 ಗ್ರಾಂ. ಥರ್ಮೋಸ್ಟಾಟ್ ಆಗಾಗ ನಿಲ್ಲಿಸುವುದರಿಂದ ಹತ್ತು ಗಂಟೆಯ ರಾತ್ರಿಯಲ್ಲಿ ಅರ್ಧ ಹೊತ್ತು ಉರಿದರೆ 700 ಗ್ರಾಂ, ಅಂದರೆ 3.9 ಕಿಲೋ ಸಿಲಿಂಡರು ಐದು ರಾತ್ರಿಗೆ. ಉರಿಯುವಾಗ ಎಳೆಯುವ ಕರೆಂಟು ಸುಮಾರು 1.4 ಆಂಪಿಯರ್, ರಾತ್ರಿಗೆ ಏಳು ಆಂಪಿಯರ್-ಗಂಟೆ. 75ರ ಎರಡನೇ ಬ್ಯಾಟರಿಯೂ ಸಾಕು. ಡೀಸೆಲ್ ಹೀಟರಿನಲ್ಲಿರುವಂಥ, ಇಂಧನವನ್ನು ಹನಿ ಹನಿಯಾಗಿ ತಳ್ಳುವ ಡೋಸಿಂಗ್ ಪಂಪಿಲ್ಲದ ಕಾರಣ 'ಟಕ್ ಟಕ್' ಸದ್ದಿಲ್ಲ.

ಕೊರತೆಗಳೂ ಇವೆ. ಉರಿದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ, ನಡುವಿನ ಹದ ಇಲ್ಲ. ಹಾಗಾಗಿ ರಾತ್ರಿಯಿಡೀ ಫ್ಯಾನು ಎದ್ದು ಮಲಗುತ್ತಿರುತ್ತದೆ, ನಿದ್ದೆ ಹಗುರವಾದವರಿಗೆ ಎಚ್ಚರವಾಗುತ್ತದೆ. ಚೀನಾದ ಡೀಸೆಲ್ ಹೀಟರುಗಳ ಮುಂದೆ ಬೆಲೆ ಹಲವು ಪಟ್ಟು. ಎಲ್ಲಕ್ಕಿಂತ ದೊಡ್ಡದು ಗ್ಯಾಸಿನ ಜಾಗ: ಒಳಗಿಡುವ ಸಿಲಿಂಡರಿಗೆ ವಾಸದ ಜಾಗದಿಂದ ಗಾಳಿ ಬೇರ್ಪಟ್ಟ ಪೆಟ್ಟಿಗೆ ಬೇಕು, ಅದರ ತಳದಲ್ಲಿ ಹೊರಕ್ಕೆ ತೆರೆದ ರಂಧ್ರವಿರಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಹರಡಿ ಕೂರುತ್ತದೆ.

ಕೂರಿಸುವಾಗ ಕೆಡುವುದು ಹೆಚ್ಚಾಗಿ ಹೊಗೆ ಕೊಳವೆ. ಅದು ಹೀಟರಿನಿಂದ ಹೊರ ಅಂಚಿನವರೆಗೆ ಒಂದೇ ಸಮ ಇಳಿಜಾರಾಗಿರಬೇಕು. ನಡುವೆ ಜೋಲು ಬಿದ್ದರೆ ಹೊಗೆಯ ನೀರು ಅಲ್ಲಿ ನಿಲ್ಲುತ್ತದೆ. ಮೊದಲು ಗುಳುಗುಳು ಸದ್ದು, ಆಮೇಲೆ ಜ್ವಾಲೆ ನಡುಗಿ ಆರುವುದು, ಕೊನೆಗೆ ಹೀಟರ್ ತಾನೇ ಬೀಗ ಹಾಕಿಕೊಂಡಂತೆ ನಿಂತುಬಿಡುವುದು. ತಗ್ಗು ತಪ್ಪಿಸಲಾಗದಿದ್ದರೆ ಅದರ ಅತ್ಯಂತ ಕೆಳಗಿನ ಬಿಂದುವಿನಲ್ಲಿ ಸಣ್ಣ ರಂಧ್ರ ಬೇಕು. ಕೊಳವೆಯ ಬಾಯಿ ವ್ಯಾನಿನಡಿಯಲ್ಲೇ ನಿಲ್ಲಬಾರದು. ಐವತ್ತು ವರ್ಷದ ನೆಲದಲ್ಲಿ ಕೇಬಲ್ಲು, ಲೀವರಿನ ಹತ್ತಾರು ತೂತುಗಳಿರುತ್ತವೆ, ಹೊಗೆ ಒಂದರಲ್ಲಿ ಒಳಗೆ ಬಂದೇ ಬರುತ್ತದೆ. ಬಾಯಿಯನ್ನು ದೇಹದ ಹೊರ ಅಂಚಿಗೆ ತನ್ನಿ, ಗಾಳಿ ಎಳೆಯುವ ಕೊಳವೆಯಿಂದಲೂ ತೆರೆಯುವ ಕಿಟಕಿಯಿಂದಲೂ ದೂರವಿಡಿ.

ಹೀಟರನ್ನು ಹಿಂದಿನ ಮಡಿಚುವ ಹಾಸಿಗೆಯಡಿ ಕೂರಿಸುವುದು ರೂಢಿ. ಬಿಸಿಗಾಳಿಯ ಕೊಳವೆ 60 ಮಿಲಿಮೀಟರಿನದು, ತೆರಪು 28 ಚದರ ಸೆಂಟಿಮೀಟರ್. ಹಾಸಿಗೆಯಡಿಯ ಆ ಪೆಟ್ಟಿಗೆಗೆ ತಣ್ಣನೆಯ ಗಾಳಿ ಮರಳಿ ಬರಲು ಅದರ ಎರಡರಷ್ಟಾದರೂ ತೆರಪು ಕೊಡಿ. ಹಾಸಿಗೆಯಡಿ ಹೊದಿಕೆ, ಚೀಲ ತುರುಕಿ ಗಾಳಿ ಕಟ್ಟಿದರೆ ಹೀಟರ್ ಕಾದು ನಿಲ್ಲುತ್ತದೆ, ಆಗ ಜನ ಹೀಟರನ್ನೇ ಬೈಯುತ್ತಾರೆ.

ಗ್ಯಾಸಿನ ಪೈಪು 8 ಮಿಲಿಮೀಟರ್ ತಾಮ್ರದ್ದು, ಹೀಟರಿಗೆ ಪ್ರತ್ಯೇಕ ವಾಲ್ವು, ರೆಗ್ಯುಲೇಟರ್ 30 ಮಿಲಿಬಾರಿನದು. ಈ ಭಾಗವನ್ನು ಎಲ್‌ಪಿಜಿ ವಾಹನಗಳ ಅರ್ಹತೆಯಿರುವ ಗ್ಯಾಸ್ ಸೇಫ್ (ಬ್ರಿಟನ್ನಿನ ಗ್ಯಾಸ್ ಕೆಲಸಗಾರರ ಅಧಿಕೃತ ನೋಂದಣಿ) ಎಂಜಿನಿಯರಿಂದ ಮಾಡಿಸಿ, ಒತ್ತಡ ಪರೀಕ್ಷೆಯ ಕಾಗದ ತೆಗೆದುಕೊಳ್ಳಿ. ಸಿಲಿಂಡರು ಬದಲಿಸಿದ ಮೇಲೆ ಪೈಪಿನಲ್ಲಿ ಗಾಳಿ ತುಂಬಿರುವುದರಿಂದ ಮೊದಲ ಸಲ ಹೊತ್ತದೇ ಹೋಗಬಹುದು. ಸ್ವಿಚ್ ಆರಿಸಿ ಮತ್ತೆ ಹಾಕಿ, ಎರಡು ಮೂರು ಸಲಕ್ಕೆ ಹೊತ್ತುತ್ತದೆ. ಆಮೇಲೂ ಹಟ ಹಿಡಿದರೆ ಹೀಟರಿನ ಬಳಿಯೇ ವೋಲ್ಟೇಜ್ ಅಳೆಯಿರಿ. ತೆಳು ತಂತಿ, ಸಡಿಲ ನೆಲಸಂಪರ್ಕ ಇವೇ ಹೆಚ್ಚಿನ ದೂರುಗಳ ಮೂಲ.

ಚಳಿಯಲ್ಲಿ ಇನ್ನೊಂದು ಸಾಮಾನ್ಯ ತಪ್ಪು ಬ್ಯುಟೇನ್. ಅದು ಕುದಿಯುವುದು ಮೈನಸ್ ಅರ್ಧ ಡಿಗ್ರಿಯಲ್ಲಿ, ಹಾಗಾಗಿ ಹಿಮ ಬೀಳುವ ರಾತ್ರಿ ಸಿಲಿಂಡರು ತುಂಬಿದ್ದರೂ ಗ್ಯಾಸು ಬಾರದು. ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ. ಕ್ಯಾಂಪಿಂಗ್‌ಗ್ಯಾಸಿನ ನೀಲಿ 907 ಸಿಲಿಂಡರು ಚಿಕ್ಕದು, ಪೆಟ್ಟಿಗೆಗೆ ಚೆನ್ನಾಗಿ ಕೂರುತ್ತದೆ, ಆದರೆ ಅದು ಬ್ಯುಟೇನ್, ಬೇಸಿಗೆಯ ಅಡುಗೆಗಷ್ಟೇ ಇರಲಿ. ಬೆಂಗಳೂರಿನಿಂದ ಲಡಾಖ್ ಕಡೆ ವ್ಯಾನು ಸಿದ್ಧಮಾಡುವವರಿಗೂ ಇದೇ ಮಾತು ಅನ್ವಯಿಸುತ್ತದೆ: ನಮ್ಮ ಮನೆಯ ಸಿಲಿಂಡರಿನಲ್ಲಿರುವುದು ಬ್ಯುಟೇನ್ ಬೆರೆತ ಗ್ಯಾಸು, ಹೆಪ್ಪುಗಟ್ಟುವ ಚಳಿಯಲ್ಲಿ ಸೊರಗುತ್ತದೆ. ಡೀಸೆಲ್ ಹೀಟರಿಗೆ ಅಲ್ಲಿನ ತೊಂದರೆ ಎತ್ತರ. 1500 ಮೀಟರ್ ದಾಟಿದ ಮೇಲೆ ಗಾಳಿ ತೆಳುವಾಗಿ ಇಂಧನ ಹೆಚ್ಚಾಗಿ ಮಸಿ ಕಟ್ಟುತ್ತದೆ, ಎತ್ತರಕ್ಕೆ ಹೊಂದಿಸುವ ವ್ಯವಸ್ಥೆ ಇರುವ ಮಾದರಿಯೇ ಬೇಕು.

ಗ್ಯಾಸ್ ಬೇಡವೇ ಬೇಡ ಎನ್ನುವವರಿಗೆ ವೆಬಾಸ್ಟೊ ಏರ್ ಟಾಪ್ 2000 ಎಸ್‌ಟಿಸಿಯ ಪೆಟ್ರೋಲ್ ಮಾದರಿ ಇದೆ. 0.9ರಿಂದ 2 ಕಿಲೋವಾಟ್‌ವರೆಗೆ ತಾನೇ ಏರಿಳಿಯುತ್ತದೆ, ಗಂಟೆಗೆ 0.14ರಿಂದ 0.27 ಲೀಟರ್ ಪೆಟ್ರೋಲ್. ಶಾಖದ ಹದದಲ್ಲಿ ಪ್ರೊಪೆಕ್ಸಿಗಿಂತ ಇದೇ ಮೇಲು. ಆದರೆ ಪೆಟ್ರೋಲ್ ಎಳೆಯುವ ಕೊಳವೆಯನ್ನು ಟ್ಯಾಂಕಿಗೆ ಸೇರಿಸಬೇಕು, ಟ್ಯಾಂಕ್ ಬಿಚ್ಚಲು ಎಂಜಿನ್ ಇಳಿಸಬೇಕು. ಎಂಜಿನ್ ಹೇಗೂ ಕೆಳಗಿದ್ದರೆ ಇದನ್ನು ಗಂಭೀರವಾಗಿ ಯೋಚಿಸಿ. ಚೀನಾದ ಡೀಸೆಲ್ ಹೀಟರಿಗೆ ಈ ವ್ಯಾನಿನಲ್ಲಿ ಬೇರೆಯೇ ಡೀಸೆಲ್ ಟ್ಯಾಂಕ್ ಬೇಕು. ಹೊತ್ತಿಸುವಾಗ ಇಂಧನಕ್ಕೆ ಬೆಂಕಿ ತಗುಲಿಸಲು ಕೆಂಪಗೆ ಕಾಯುವ ಗ್ಲೋ ಪ್ಲಗ್ಗು ಹತ್ತು ಆಂಪಿಯರ್ ಎಳೆಯುತ್ತದೆ: ಬ್ಯಾಟರಿ ನಾಲ್ಕು ಮೀಟರ್ ದೂರವಿದ್ದರೆ 1.5 ಚದರ ಮಿಲಿಮೀಟರ್ ತಂತಿಯಲ್ಲಿ 0.9 ವೋಲ್ಟ್ ನಷ್ಟ, 4ರ ತಂತಿಯಲ್ಲಿ 0.35, ಹಾಗಾಗಿ ದಪ್ಪ ತಂತಿಯೇ ಬೇಕು. ಡೀಸೆಲ್ ಹೀಟರ್ ಹಾಕುವುದಾದರೆ ಚಿಕ್ಕದನ್ನೇ ಹಾಕಿ, ಆಗಾಗ ಇಪ್ಪತ್ತು ನಿಮಿಷ ಪೂರ್ತಿ ವೇಗದಲ್ಲಿ ಉರಿಸಿ, ತಣಿಯುವ ಮುಂಚೆ ಕರೆಂಟು ಕಡಿಯಬೇಡಿ.

ಯಾವುದನ್ನು ಹಾಕಿದರೂ ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇಕೇ ಬೇಕು. ಮನೆಯದಲ್ಲ, ವಾಹನಗಳಿಗೆಂದು ಇಎನ್ 50291-2 ಗುರುತು ಹೊತ್ತದ್ದು. ಮಲಗಿದವರ ತಲೆಯ ಮಟ್ಟದಲ್ಲಿ, ಹೀಟರಿನಿಂದ ಒಂದು ಮೀಟರಿಗಿಂತ ದೂರದಲ್ಲಿ ಕೂರಿಸಿ, ಪ್ರತಿ ಪ್ರಯಾಣದ ಮುಂಚೆ ಗುಂಡಿ ಒತ್ತಿ ನೋಡಿ.