ಕಪ್ಪು ಪರದೆಯ ಕಮೊಡೋರ್ 64: ದೋಷ ಹುಡುಕುವ ಮೂರು ದಾರಿಗಳು

1982ರಲ್ಲಿ ಮಾರುಕಟ್ಟೆಗೆ ಬಂದ ಕಮೊಡೋರ್ 64 ಗಣಕದ ದೀಪ ಹೊತ್ತಿಕೊಂಡರೂ ಪರದೆ ಕಪ್ಪಾಗಿಯೇ ಉಳಿದರೆ, ದೋಷವು ಮೆಮೊರಿ, ಯಾವ ಚಿಪ್ ಯಾವಾಗ ಕೆಲಸ ಮಾಡಬೇಕೆಂದು ಆರಿಸುವ ಪಿಎಲ್‌ಎ, ಪ್ರೊಸೆಸರ್ ಇವುಗಳಲ್ಲಿ ಎಲ್ಲಿಯಾದರೂ ಇರಬಹುದು. ಮೊದಲ ಮದರ್‌ಬೋರ್ಡ್‌ಗಳಲ್ಲಿ ಪ್ರತಿ ಬೈಟಿನ ಒಂದೊಂದು ಬಿಟ್ ಹೊರುವ 4164 ಮಾದರಿಯ ಎಂಟು ಮೆಮೊರಿ ಚಿಪ್‌ಗಳಿವೆ. ಕೆಟ್ಟಿರುವುದು ಯಾವುದೆಂದು ಬೆಸುಗೆ ಬಿಡಿಸುವ ಮೊದಲೇ ತಿಳಿಯಲು ನಾನು ಮೂರು ವಿಧಾನಗಳನ್ನು ಬಳಸಿ ನೋಡಿದ್ದೇನೆ. ಯಾವುದನ್ನು ಆರಿಸಿದರೂ ಮೊದಲು ಅಡಾಪ್ಟರ್‌ನ 5 ವೋಲ್ಟನ್ನು ಅಳೆಯಲೇಬೇಕು. ಹಳೆಯ ರೆಗ್ಯುಲೇಟರ್ ಕೆಟ್ಟು ವೋಲ್ಟೇಜ್ ಏರಿದರೆ ಹೊಸ ಚಿಪ್‌ಗಳೂ ಸುಟ್ಟುಹೋಗುತ್ತವೆ.

ಸಂದೇಹವಿರುವ ಚಿಪ್‌ನ ಬೆನ್ನ ಮೇಲೆ ಒಳ್ಳೆಯ ಚಿಪ್ಪೊಂದನ್ನು ಪಿನ್‌ಗೆ ಪಿನ್ ತಾಗುವಂತೆ ಒತ್ತಿ ಕೂರಿಸಿ ಯಂತ್ರ ಚಾಲೂ ಮಾಡುವುದು ಎಲ್ಲಕ್ಕಿಂತ ಅಗ್ಗದ ದಾರಿ. ಕೆಟ್ಟ ಚಿಪ್ ಸುಮ್ಮನಾಗಿದ್ದರೆ ಮಾತ್ರ ಇದು ಫಲ ಕೊಡುತ್ತದೆ. ಅದು ತನ್ನ ಔಟ್‌ಪುಟ್ ಗೆರೆಯನ್ನು ಬಲವಾಗಿ ಕೆಳಕ್ಕೆ ಎಳೆದು ಹಿಡಿದಿದ್ದರೆ ಮೇಲಿನ ಚಿಪ್ ಅದನ್ನು ಮೀರಲಾರದು. ಆದ್ದರಿಂದ ಇಲ್ಲಿ ಗೆಲುವನ್ನು ನಂಬಬಹುದು, ಸೋಲನ್ನು ನಂಬಲಾಗದು.

ದೋಷ ಪತ್ತೆಗೆಂದೇ ಇರುವ ಡೆಡ್ ಟೆಸ್ಟ್ ಕಾರ್ಟ್ರಿಜ್ ಇದಕ್ಕಿಂತ ಬಹಳ ಮೇಲು. ಅದು ಯಂತ್ರವನ್ನು ಅಲ್ಟಿಮ್ಯಾಕ್ಸ್ ಎಂಬ, ಒಳಗಿನ ಪ್ರೋಗ್ರಾಂಗಳನ್ನು ಬಿಟ್ಟುಬಿಡುವ ಸ್ಥಿತಿಗೆ ತಂದು ತನ್ನದೇ ಪ್ರೋಗ್ರಾಂ ಓಡಿಸುವುದರಿಂದ, ಯಂತ್ರದ ಮೂಲ ಪ್ರೋಗ್ರಾಂಗಳಿರುವ ಕರ್ನಲ್ ಮತ್ತು ಬೇಸಿಕ್ ರೋಮ್‌ಗಳು ಕೆಟ್ಟಿದ್ದರೂ ಪರೀಕ್ಷೆ ನಿಲ್ಲುವುದಿಲ್ಲ. ಮೆಮೊರಿಯಲ್ಲಿ ದೋಷ ಕಂಡರೆ ಪರದೆ ಮಿನುಗುತ್ತದೆ: ಒಂದು ಸಲವಾದರೆ ಏಳನೆಯ ಬಿಟ್, ಎಂಟು ಸಲವಾದರೆ ಸೊನ್ನೆಯ ಬಿಟ್. ಆದರೆ 6510 ಪ್ರೊಸೆಸರ್, ಪರದೆಗೆ ಚಿತ್ರ ಕೊಡುವ ವಿಐಸಿ ಚಿಪ್ ಇಲ್ಲವೇ ಪಿಎಲ್‌ಎ ಸರಿಯಿಲ್ಲದಿದ್ದರೆ ಕಾರ್ಟ್ರಿಜ್ ಮೌನವಾಗಿಯೇ ಉಳಿಯುತ್ತದೆ. ವಿಳಾಸಗಳನ್ನು ಹಂಚುವ 74ಎಲ್‌ಎಸ್257 ಚಿಪ್ ಕೆಟ್ಟಾಗಲೂ ಅದು ಮೆಮೊರಿಯನ್ನೇ ದೂರುತ್ತದೆ.

ಆ ಮೌನವನ್ನು ಬಿಡಿಸಬಲ್ಲದ್ದು ವಿದ್ಯುತ್ ಸಂಕೇತಗಳನ್ನು ಅಲೆಯಾಗಿ ತೋರಿಸುವ ಆಸಿಲೋಸ್ಕೋಪ್. ರೀಸೆಟ್ ಗೆರೆ ಕೆಳಗಿದ್ದು ಮೇಲೇರಿತೇ, ಕ್ಲಾಕ್ ಬರುತ್ತಿದೆಯೇ ಎಂದು ಮೊದಲು ನೋಡಿ, ಬಳಿಕ ಎಂಟು ಡೇಟಾ ಗೆರೆಗಳಿಗೆ ಅದರ ಮೊನೆಯನ್ನು ಒಂದೊಂದಾಗಿ ತಾಗಿಸುತ್ತೇನೆ. ಎರಡು ಚಿಪ್‌ಗಳು ಒಂದೇ ಗೆರೆಗಾಗಿ ಜಗಳವಾಡುತ್ತಿದ್ದರೆ ಅಲೆಯು ಮೇಲಕ್ಕೂ ಹೋಗದೆ ಕೆಳಕ್ಕೂ ಬಾರದೆ ನಡುವೆಯೇ ತೂಗುತ್ತದೆ, ಮತ್ತು ಇದು ಬೇರೆ ಯಾವ ವಿಧಾನಕ್ಕೂ ಕಾಣುವುದಿಲ್ಲ. ಬೆಲೆಯೂ ಕಲಿಕೆಯೂ ಹೆಚ್ಚು ಎಂಬುದು ನಿಜವಾದರೂ, ಒಂದಕ್ಕಿಂತ ಹೆಚ್ಚು ಯಂತ್ರ ರಿಪೇರಿ ಮಾಡುವವರು ಇದನ್ನೇ ಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಒಂದೇ ಯಂತ್ರವಿದ್ದವರಿಗೆ ಕಾರ್ಟ್ರಿಜ್ ಸಾಕು.

ಕೆಟ್ಟ ಚಿಪ್ ಗೊತ್ತಾದ ಮೇಲೆ ಅದನ್ನು ಉಳಿಸುವ ಆಸೆ ಬೇಡ. ಕಾಲುಗಳನ್ನು ಕತ್ತರಿಸಿ ಒಂದೊಂದಾಗಿ ತೆಗೆದರೆ ಬೋರ್ಡಿನ ತಾಮ್ರದ ಗೆರೆಗಳು ಕಿತ್ತುಬರುವುದಿಲ್ಲ. ಅಲ್ಲಿ ಸಾಕೆಟ್ ಬೆಸೆದು ಹೊಸ ಚಿಪ್ ಕೂರಿಸಬಹುದು.